ಮೋಟಾರು ಸೈಕಲ್ಲಿಗೆ ಸುತ್ತಿನ ಮೀಟರು ಬೇಕೆ?



ಮೋಟಾರು ಸೈಕಲ್ಲು ಈಗ ಹಳ್ಳಿಯಲ್ಲಿ ಷೋಕಿಯ ವಸ್ತುವಾಗಿ ಉಳಿದಿಲ್ಲ. ಡೈರಿಗೆ ಹಾಲಿನ ಕ್ಯಾನು ಸಾಗಿಸುವುದಕ್ಕೆ, ತೋಟಕ್ಕೆ ಗೊಬ್ಬರದ ಚೀಲ ಒಯ್ಯುವುದಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವುದಕ್ಕೆ ಅದೇ ಬೇಕು. ಹೀಗಿರುವಾಗ ಅದನ್ನು ಕೊಳ್ಳುವುದೂ ನಡೆಸುವುದೂ ಎತ್ತು ಕೊಂಡು ಸಾಕುವಷ್ಟೇ ಎಚ್ಚರದ ಕೆಲಸವಾಗಿದೆ.

ಹೋದ ಸುಗ್ಗಿಯಲ್ಲಿ ಒಂದು ಹಳ್ಳಿಯ ಅರಳಿಕಟ್ಟೆಯ ಬಳಿ ತಂದೆ ಮಗನಿಗೆ ಇದೇ ವಿಷಯದಲ್ಲಿ ಮಾತು ನಡೆದಿತ್ತು. ಮಗ ನೋಡಿಟ್ಟಿದ್ದ ಎರಡು ಗಾಡಿಗಳಲ್ಲಿ ಒಂದಕ್ಕೆ ವೇಗದ ಮೀಟರು ಮಾತ್ರ ಇತ್ತು. ಇನ್ನೊಂದಕ್ಕೆ ವೇಗದ ಮೀಟರಿನ ಪಕ್ಕದಲ್ಲಿ ಮತ್ತೊಂದು ಮುಳ್ಳಿನ ಮೀಟರು ಇತ್ತು, ಬೆಲೆಯೂ ಹೆಚ್ಚು. ಮಗನಿಗೆ ಆ ಎರಡನೆಯದೇ ಬೇಕು. ತಂದೆ ನನ್ನನ್ನು ಕಂಡೊಡನೆ, “ಅಲ್ಲಾ ಸ್ವಾಮಿ, ಈ ಎರಡನೇ ಗಡಿಯಾರ ಇಲ್ಲದೆ ಇದ್ರೆ ಗಾಡಿ ಓಡೋದಿಲ್ವೆ?” ಎಂದು ಕೇಳಿದರು. ಮಗ, “ಅದಿಲ್ಲದೆ ಇಂಜಿನ್ ಹಾಳಾಗುತ್ತೆ ಅಪ್ಪ” ಎಂದ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿತ್ತು. ಅಂದು ನಿಂತ ಕಾಲಿನಲ್ಲಿ ಅರ್ಧ ಉತ್ತರ ಹೇಳಿ ಬಂದೆ. ಪೂರ್ಣ ಉತ್ತರವನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಈ ಮೀಟರು ಏನನ್ನು ತೋರಿಸುತ್ತದೆ?

ಇದರ ಹೆಸರು ಟ್ಯಾಕೋಮೀಟರು. ಕೆಲವರು ಆರ್.ಪಿ.ಎಂ. ಮೀಟರು ಎನ್ನುತ್ತಾರೆ. ಇಂಜಿನ್ನಿನ ಒಳಗಿನ ಕ್ರ್ಯಾಂಕ್ ಶಾಫ್ಟು ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಇದು ತೋರಿಸುತ್ತದೆ. ಆದುದರಿಂದ ನಾವು ಇದನ್ನು ಸುತ್ತಿನ ಮೀಟರು ಎಂದು ಕರೆಯೋಣ.

ವೇಗದ ಮೀಟರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಎತ್ತಿನ ಗಾಡಿಯಿಂದ ತಿಳಿಯಬಹುದು. ಗಾಡಿ ಗಂಟೆಗೆ ಎಷ್ಟು ದೂರ ಹೋಯಿತು ಎಂದು ಹೇಳುವುದು ವೇಗದ ಮೀಟರಿನ ಕೆಲಸ. ಅಷ್ಟು ದೂರ ಹೋಗುವುದಕ್ಕೆ ಎತ್ತು ಎಷ್ಟು ಹೆಜ್ಜೆ ಹಾಕಿತು ಎಂದು ಹೇಳುವುದು ಸುತ್ತಿನ ಮೀಟರಿನ ಕೆಲಸ. ಏರಿನಲ್ಲಿ ಭಾರ ಎಳೆಯುವಾಗ ಎತ್ತು ಹೆಜ್ಜೆ ಚಿಕ್ಕದು ಮಾಡಿ ಹೆಚ್ಚು ಹೆಜ್ಜೆ ಹಾಕುತ್ತದೆ. ಮೋಟಾರು ಸೈಕಲ್ಲಿನಲ್ಲಿ ಈ ಹೆಜ್ಜೆಯ ಅಳತೆಯನ್ನು ಬದಲಿಸುವುದೇ ಗೇರು. ಒಂದನೇ ಗೇರಿನಲ್ಲಿ ಚಿಕ್ಕ ಹೆಜ್ಜೆ, ಕೊನೆಯ ಗೇರಿನಲ್ಲಿ ಉದ್ದ ಹೆಜ್ಜೆ. ಎತ್ತು ತನ್ನ ಹೆಜ್ಜೆಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಮೋಟಾರು ಸೈಕಲ್ಲಿಗೆ ಅದನ್ನು ಸವಾರನೇ ಕಾಲಿನಿಂದ ಬದಲಿಸಿ ಕೊಡಬೇಕು.

ಈ ಸುತ್ತು ಎಂದರೆ ಎಷ್ಟು ಬಿರುಸಿನದು ಎಂಬುದನ್ನು ಲೆಕ್ಕ ಹಾಕಿ ನೋಡಿ. ಮೀಟರು ೬,೦೦೦ ತೋರಿಸಿದರೆ ಇಂಜಿನ್ನು ಸೆಕೆಂಡಿಗೆ ೧೦೦ ಸುತ್ತು ತಿರುಗುತ್ತಿದೆ ಎಂದರ್ಥ. ಕಣ್ಣು ಮುಚ್ಚಿ ತೆರೆಯುವುದಕ್ಕೂ ಒಂದು ಸೆಕೆಂಡು ಬೇಕಿಲ್ಲ. ಅಷ್ಟರೊಳಗೆ ಪಿಸ್ಟನ್ನು ಸೆಕೆಂಡಿಗೆ ನೂರು ಸಲದಂತೆ ಮೇಲೆ ಹೋಗಿ ಕೆಳಗೆ ಬರುತ್ತಿರುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿಯುತ್ತದೆ. ಆದಕಾರಣ ಸೆಕೆಂಡಿಗೆ ೫೦ ಸಲ ಒಳಗೆ ಉರಿ ಹತ್ತುತ್ತದೆ. ಇಂತಹ ಯಂತ್ರವನ್ನು ಹದವರಿತು ನಡೆಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹದ ತಿಳಿಯಲು ಮೀಟರೇ ಬೇಕೆ ಎಂಬುದು ಪ್ರಶ್ನೆ.

ಮೀಟರು ಹೇಗೆ ಕೆಲಸ ಮಾಡುತ್ತದೆ?

ಹಿಂದಿನ ಮೀಟರುಗಳಲ್ಲಿ ಇಂಜಿನ್ನಿನಿಂದ ಒಂದು ತಂತಿಯ ಕೇಬಲ್ಲು ಮೀಟರಿನವರೆಗೆ ಬರುತ್ತಿತ್ತು. ಕೇಬಲ್ಲು ತಿರುಗಿದಂತೆ ಮೀಟರಿನ ಒಳಗೆ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಸುತ್ತ, ಅದಕ್ಕೆ ತಾಗದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಬಟ್ಟಲನ್ನು ತನ್ನೊಡನೆ ಎಳೆಯುತ್ತದೆ. ಒಂದು ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟದಲ್ಲಿ ಬಟ್ಟಲು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಹಳೆಯ ಗಾಡಿಗಳ ವೇಗದ ಮೀಟರು ಕೆಲಸ ಮಾಡುವುದೂ ಹೀಗೆಯೇ. ಅದರ ಕೇಬಲ್ಲು ಚಕ್ರದಿಂದ ಬರುತ್ತದೆ, ಅಷ್ಟೆ.

ಈಗಿನ ಗಾಡಿಗಳಲ್ಲಿ ಈ ಕೇಬಲ್ಲು ಇಲ್ಲ. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ತಿಂಗಳಿನಿಂದ ಬಿ.ಎಸ್.-೬ ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದಿತು. ಅಂದಿನಿಂದ ಬಹುಪಾಲು ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬೊರೇಟರು ಹೋಗಿ, ಒಂದು ಚಿಕ್ಕ ಕಂಪ್ಯೂಟರು ಪೆಟ್ರೋಲನ್ನು ಅಳೆದು ಚಿಮುಕಿಸುವ ಏರ್ಪಾಡು ಬಂದಿದೆ. ಯಾವ ಗಳಿಗೆಯಲ್ಲಿ ಎಷ್ಟು ಚಿಮುಕಿಸಬೇಕು ಎಂದು ತಿಳಿಯಬೇಕಾದರೆ ಕಂಪ್ಯೂಟರಿಗೆ ಇಂಜಿನ್ನಿನ ಸುತ್ತು ಗೊತ್ತಿರಲೇಬೇಕು. ಇಂಜಿನ್ನಿನ ಪಕ್ಕದಲ್ಲಿರುವ ಒಂದು ಸೆನ್ಸರು ಪ್ರತಿಯೊಂದು ಸುತ್ತನ್ನೂ ಎಣಿಸಿ ಅದಕ್ಕೆ ತಿಳಿಸುತ್ತಿರುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಮುಳ್ಳು ಇರಲಿ, ಇಲ್ಲದಿರಲಿ, ಈ ಬಗೆಯ ಗಾಡಿಯ ಒಳಗೆ ಸುತ್ತಿನ ಲೆಕ್ಕ ನಡೆದೇ ಇರುತ್ತದೆ. ಮೀಟರು ಆ ಲೆಕ್ಕವನ್ನು ಸವಾರನ ಕಣ್ಣಿಗೆ ತೋರಿಸುತ್ತದೆ. ಇಂಜಿನ್ನಿಗೆ ಹೊಸ ಬಲವನ್ನೇನೂ ತಂದುಕೊಡುವುದಿಲ್ಲ.

ಎಳೆತ ಬೇರೆ, ಶಕ್ತಿ ಬೇರೆ

ಗಾಡಿ ಮಾರುವವರು ಕೊಡುವ ಹಾಳೆಯಲ್ಲಿ ಎರಡು ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಒಂದು ಟಾರ್ಕು, ಅಂದರೆ ತಿರುಗಿಸುವ ಎಳೆತ. ಇನ್ನೊಂದು ಪವರ್, ಅಂದರೆ ಶಕ್ತಿ. ಎರಡರ ಮುಂದೆಯೂ ಒಂದೊಂದು ಸುತ್ತಿನ ಸಂಖ್ಯೆ ಇರುತ್ತದೆ. ಇದನ್ನು ಓದಲು ಬಂದರೆ ಅರ್ಧ ಗಾಡಿ ತಿಳಿದಂತೆ.

ಎಳೆತವೆಂದರೆ ಎತ್ತು ಒಂದು ಹೆಜ್ಜೆಯಲ್ಲಿ ನೊಗಕ್ಕೆ ಕೊಡುವ ಬಲ. ಶಕ್ತಿಯೆಂದರೆ ಆ ಬಲವನ್ನು ನಿಮಿಷಕ್ಕೆ ಹಾಕುವ ಹೆಜ್ಜೆಗಳಿಂದ ಗುಣಿಸಿದ್ದು. ಒಂದು ಜೊತೆ ದಪ್ಪ ಎತ್ತು ನಿಧಾನವಾಗಿ ನಡೆದು ಮಾಡುವ ಕೆಲಸವನ್ನು ಹಗುರವಾದ ಎತ್ತು ಚುರುಕಾಗಿ ನಡೆದು ಮಾಡಬಹುದಷ್ಟೆ? ಇದೂ ಹಾಗೆಯೇ.

ಎಲ್ಲರೂ ಬಲ್ಲ ಎರಡು ಗಾಡಿಗಳನ್ನು ತೆಗೆದುಕೊಳ್ಳೋಣ. ೨೦೨೩ರಲ್ಲಿ ಹೊಸ ಇಂಜಿನ್ನಿನೊಡನೆ ಬಂದ ಬುಲೆಟ್ ೩೫೦ ತನ್ನ ಹೆಚ್ಚಿನ ಎಳೆತವಾದ ೨೭ ನ್ಯೂಟನ್-ಮೀಟರನ್ನು ೪,೦೦೦ ಸುತ್ತಿನಲ್ಲಿಯೇ ಕೊಡುತ್ತದೆ. ಸ್ಪ್ಲೆಂಡರಿನ ೯೭.೨ ಸಿ.ಸಿ. ಇಂಜಿನ್ನು ೬,೦೦೦ ಸುತ್ತಿನಲ್ಲಿ ಸುಮಾರು ೮ ನ್ಯೂಟನ್-ಮೀಟರು ಕೊಡುತ್ತದೆ. ಸ್ಪ್ಲೆಂಡರಿನ ಶಕ್ತಿ ಆ ೬,೦೦೦ ಸುತ್ತಿನಲ್ಲಿ ಲೆಕ್ಕಕ್ಕೆ ೫ ಕಿಲೋವಾಟಿನಷ್ಟಾಯಿತು. ಅದರ ಹೆಚ್ಚಿನ ಶಕ್ತಿಯಾದ ೫.೯ ಕಿಲೋವಾಟು ಸಿಗುವುದು ೮,೦೦೦ ಸುತ್ತಿನಲ್ಲಿ. ಆ ಹೊತ್ತಿಗೆ ಎಳೆತ ೭ಕ್ಕೆ ಇಳಿದಿರುತ್ತದೆ. ಆದರೆ ಹೆಜ್ಜೆಗಳು ಹೆಚ್ಚಾದುದರಿಂದ ಒಟ್ಟು ಶಕ್ತಿ ಹೆಚ್ಚು.

ಇದರಿಂದ ತಿಳಿಯಬೇಕಾದುದು ಇಷ್ಟು. ದೊಡ್ಡ ಇಂಜಿನ್ನು ಕಡಿಮೆ ಸುತ್ತಿನಲ್ಲಿ ಎಳೆಯುತ್ತದೆ. ಚಿಕ್ಕ ಇಂಜಿನ್ನಿಗೆ ಹೆಚ್ಚು ಸುತ್ತು ಬೇಕು. ಬುಲೆಟ್ಟು ನಡೆಸಿ ಅಭ್ಯಾಸವಾದವರು ಅದೇ ನಿಧಾನದಲ್ಲಿ ನೂರು ಸಿ.ಸಿ. ಗಾಡಿಯನ್ನು ದಿಣ್ಣೆ ಹತ್ತಿಸಹೋದರೆ ಅದು ಏದುಸಿರು ಬಿಡುತ್ತದೆ.

ಸುತ್ತು ಕಡಿಮೆಯಾದರೆ ಏನು ಕೆಡುಕು?

ನಮ್ಮ ಕಡೆ ಹೆಚ್ಚಾಗಿ ನಡೆಯುವ ತಪ್ಪು ಇದೇ. ಗೇರು ಇಳಿಸಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂಬ ನಂಬಿಕೆಯಿಂದ, ಎರಡು ಕ್ಯಾನು ಹಾಲು ಕಟ್ಟಿಕೊಂಡು ಏರಿಯನ್ನು ಕೊನೆಯ ಗೇರಿನಲ್ಲಿಯೇ ಹತ್ತಿಸುತ್ತಾರೆ. ಸಮನಾದ ರಸ್ತೆಯಲ್ಲಿ, ಭಾರವಿಲ್ಲದಾಗ, ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋದರೆ ಪೆಟ್ರೋಲು ಉಳಿಯುವುದು ನಿಜ. ಆದರೆ ಏರಿನಲ್ಲಿ ಆ ಲೆಕ್ಕ ನಡೆಯದು. ಅಲ್ಲಿ ಇಂಜಿನ್ನು ಕಡಿಮೆ ಸುತ್ತಿನಲ್ಲಿ ಪೂರಾ ಭಾರ ಹೊರಬೇಕಾಗುತ್ತದೆ. ಒಂದೊಂದು ಉರಿಯ ಪೆಟ್ಟೂ ಪಿಸ್ಟನ್ನಿನ ಮೇಲೆ, ಕನೆಕ್ಟಿಂಗ್ ರಾಡಿನ ಮೇಲೆ, ಬೇರಿಂಗಿನ ಮೇಲೆ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ಚೈನು ಜಗ್ಗುತ್ತದೆ. ‘ಟಣ್ ಟಣ್’ ಎಂಬ ಸದ್ದು ಬರುತ್ತದೆ. ಎಕ್ಸಲರೇಟರು ಎಷ್ಟು ತಿರುವಿದರೂ ವೇಗ ಏರುವುದಿಲ್ಲ.

ಈ ಲಕ್ಷಣಗಳು ಕಂಡೊಡನೆ ಒಂದು ಗೇರು ಇಳಿಸಬೇಕು. ಸದ್ದು ಜೋರಾಯಿತೆಂದು ಹೆದರಬೇಕಿಲ್ಲ. ಜೋರಾದ ಸದ್ದು ಬೇರೆ, ನರಳುವ ಸದ್ದು ಬೇರೆ.

ಸುತ್ತು ಹೆಚ್ಚಾದರೆ?

ಅತಿಯಾದರೆ ಅಮೃತವೂ ವಿಷವೆಂಬಂತೆ ಹೆಚ್ಚು ಸುತ್ತಿಗೂ ಒಂದು ಮೇರೆಯುಂಟು. ಸುತ್ತಿನ ಮೀಟರಿನಲ್ಲಿ ಆ ಮೇರೆಯನ್ನು ಕೆಂಪು ಬಣ್ಣದಿಂದ ಗುರುತು ಮಾಡಿರುತ್ತಾರೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಗಾಳಿ ಬಿಡುವ ವಾಲ್ವುಗಳನ್ನು ಕ್ಯಾಮು ತಳ್ಳಿ ತೆರೆಯುತ್ತದೆ. ಸ್ಪ್ರಿಂಗು ಹಿಂದಕ್ಕೆ ಎಳೆದು ಮುಚ್ಚುತ್ತದೆ. ಸುತ್ತು ಮಿತಿ ಮೀರಿದರೆ ಸ್ಪ್ರಿಂಗು ಅಷ್ಟು ಬೇಗ ಮುಚ್ಚಲಾರದು. ಆಗ ಮೇಲೆ ಬರುವ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯುವ ಅಪಾಯವಿದೆ. ಬಡಿದರೆ ವಾಲ್ವು ಬಾಗುತ್ತದೆ. ಇಂಜಿನ್ನು ಬಿಚ್ಚದೆ ಗತಿಯಿಲ್ಲ.

ಈಗಿನ ಅನೇಕ ಗಾಡಿಗಳಲ್ಲಿ ಸುತ್ತು ಮಿತಿಗೆ ಬಂದೊಡನೆ ಕಂಪ್ಯೂಟರು ತಾನಾಗಿ ಪೆಟ್ರೋಲನ್ನೋ ಕಿಡಿಯನ್ನೋ ತಡೆಯುತ್ತದೆ. ಆದುದರಿಂದ ಎಕ್ಸಲರೇಟರು ತಿರುವಿ ಇಂಜಿನ್ನನ್ನು ಕೆಡಿಸುವುದು ಈಗ ಸುಲಭವಲ್ಲ. ಆದರೆ ಇಲ್ಲಿ ಒಂದು ಕಿಟಕಿ ತೆರೆದೇ ಇದೆ. ಇದನ್ನು ಯುವಕರು ಗಮನವಿಟ್ಟು ಓದಬೇಕು. ಜೋರಾಗಿ ಓಡುತ್ತಿರುವಾಗ ತಟ್ಟನೆ ಎರಡು ಗೇರು ಕೆಳಗಿಳಿಸಿ ಕ್ಲಚ್ಚು ಬಿಟ್ಟರೆ, ಇಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಹಿಂದಿನ ಚಕ್ರ. ಕಂಪ್ಯೂಟರು ಪೆಟ್ರೋಲನ್ನು ನಿಲ್ಲಿಸಬಹುದೇ ಹೊರತು ಚಕ್ರವನ್ನು ನಿಲ್ಲಿಸಲಾರದು. ಆಗ ಸುತ್ತು ಕೆಂಪು ಗೆರೆಯನ್ನು ದಾಟಿ ಹೋಗಬಹುದು. ಅದಕ್ಕಿಂತ ಮೊದಲೇ ಹಿಂದಿನ ಚಕ್ರ ಜಾರಿ ಸವಾರ ಬೀಳಲೂಬಹುದು. ಇಳಿಜಾರಿನಲ್ಲಿ ಮೊದಲು ಬ್ರೇಕು ಹಿಡಿದು ವೇಗ ತಗ್ಗಿಸಿ, ಆಮೇಲೆ ಒಂದೊಂದೇ ಗೇರು ಇಳಿಸಬೇಕು. ಮುಳ್ಳು ನೋಡಿ ತಿಳಿಯುವಷ್ಟು ಸಮಯ ಆಗ ಇರುವುದಿಲ್ಲ; ಅಭ್ಯಾಸವೇ ಕಾಯಬೇಕು.

ಮೀಟರಿಲ್ಲದೆ ಸುತ್ತು ತಿಳಿಯುವುದು ಹೇಗೆ?

೧೯೫೫ರಲ್ಲಿ ಮದರಾಸಿನಲ್ಲಿ ಬುಲೆಟ್ ಜೋಡಿಸಲು ಆರಂಭವಾಯಿತು. ೧೯೬೧ರಲ್ಲಿ ಮೈಸೂರಿನ ಕಾರ್ಖಾನೆಯಿಂದ ಜಾವಾ ಹೊರಬಂದಿತು. ೧೯೮೫ರಲ್ಲಿ ಹೀರೋ ಹೋಂಡಾದ ನೂರು ಸಿ.ಸಿ. ಗಾಡಿ ಬಂದಿತು. ಹಿಂದಿನ ಬುಲೆಟ್ಟಿನ ದೀಪದ ಮೇಲೆ ವೇಗದ ಮೀಟರು, ಕರೆಂಟು ತೋರಿಸುವ ಅಮ್ಮೀಟರು ಇರುತ್ತಿದ್ದವು. ಸುತ್ತಿನ ಮೀಟರು ಇರಲಿಲ್ಲ. ಜಾವಾದಲ್ಲಿಯೂ ಅದು ಇರಲಿಲ್ಲ. ಲಕ್ಷಾಂತರ ಜನ ಇಂತಹ ಗಾಡಿಗಳನ್ನೇ ನಡೆಸಿದರು. ಎಷ್ಟೋ ಗಾಡಿಗಳು ಮಕ್ಕಳ ಕಾಲಕ್ಕೂ ಬಂದಿವೆ. ಅವರು ಯಾವುದರಿಂದ ಸುತ್ತು ತಿಳಿದರು? ಕಿವಿಯಿಂದ, ಕೈಯಿಂದ, ಕೂತ ಸೀಟಿನಿಂದ. ನೀರಿನ ಪಂಪು ಗಾಳಿ ಎಳೆದರೆ ಮನೆಯಲ್ಲಿ ಮಲಗಿದ್ದ ರೈತನಿಗೆ ಸದ್ದಿನಿಂದಲೇ ಗೊತ್ತಾಗುವುದಿಲ್ಲವೆ? ಅದೇ ಕಿವಿ ಇಲ್ಲಿಯೂ ಸಾಕು.

ಇನ್ನೊಂದು ಉಪಾಯವೂ ಇದೆ. ಕ್ಲಚ್ಚು ಪೂರ್ತಿ ಬಿಟ್ಟಿರುವಾಗ, ಒಂದೇ ಗೇರಿನಲ್ಲಿ, ಚಕ್ರಕ್ಕೂ ಇಂಜಿನ್ನಿಗೂ ಇರುವ ಲೆಕ್ಕ ಬದಲಾಗುವುದಿಲ್ಲ. ಕೊನೆಯ ಗೇರಿನಲ್ಲಿ ೪೦ ಕಿಲೋಮೀಟರು ವೇಗಕ್ಕೆ ೪,೦೦೦ ಸುತ್ತು ಎಂದಿಟ್ಟುಕೊಳ್ಳಿ. ಅದೇ ಗೇರಿನಲ್ಲಿ ೬೦ ಕಿಲೋಮೀಟರಿಗೆ ೬,೦೦೦ ಸುತ್ತು ಆಗಲೇಬೇಕು. ಅಂದರೆ ಯಾವ ಗೇರಿನಲ್ಲಿದ್ದೇವೆ ಎಂಬುದು ಗೊತ್ತಿದ್ದರೆ ವೇಗದ ಮೀಟರೇ ಸುತ್ತಿನ ಮೀಟರು. ಗಾಡಿಯ ಜೊತೆಗೆ ಕೊಡುವ ಪುಸ್ತಕದಲ್ಲಿ ಯಾವ ಗೇರಿಗೆ ಎಷ್ಟು ವೇಗ ತಕ್ಕದ್ದೆಂದು ಕೊಟ್ಟಿದ್ದರೆ ಅದನ್ನು ಒಮ್ಮೆ ಓದಿ ನೆನಪಿಟ್ಟುಕೊಳ್ಳಿ. ಪುಸ್ತಕವನ್ನು ಸೀಟಿನ ಕೆಳಗೆ ಇಲಿಗೆ ಬಿಡಬೇಡಿ.

ಹಾಗಾದರೆ ಈ ಮೀಟರು ಯಾರಿಗೆ ಬೇಕು?

ಪಂದ್ಯದಲ್ಲಿ ಓಡಿಸುವವರಿಗೆ ಬೇಕು. ಅವರು ಹೆಚ್ಚಿನ ಶಕ್ತಿ ದೊರೆಯುವ ಸುತ್ತಿನಲ್ಲಿಯೇ ಇಂಜಿನ್ನನ್ನು ಇಟ್ಟುಕೊಳ್ಳಬೇಕು. ಹೆಲ್ಮೆಟ್ಟಿನ ಒಳಗೆ ಗಾಳಿಯ ಸದ್ದಿನಲ್ಲಿ ಇಂಜಿನ್ನು ಕೇಳಿಸುವುದಿಲ್ಲ. ಹೆಚ್ಚು ಸುತ್ತಿನಲ್ಲಿ ಮಾತ್ರ ಶಕ್ತಿ ಕೊಡುವ ಗಾಡಿಗಳಿಗೆ ಬೇಕು. ೧೯೮೩ರಿಂದ ನಮ್ಮಲ್ಲಿ ಮಾರಾಟವಾದ ರಾಜದೂತ್ ೩೫೦ ಎಂಬ ಎರಡು ಸ್ಟ್ರೋಕಿನ ಗಾಡಿಗೆ ಈ ಮೀಟರು ಇದ್ದುದು ಸುಮ್ಮನೆ ಅಲ್ಲ. ನಿಂತಲ್ಲಿ ಓಡುವ ಸುತ್ತನ್ನು ಸರಿಪಡಿಸುವ ಮೆಕ್ಯಾನಿಕ್ಕಿಗೆ ಉಪಯೋಗವಾಗುತ್ತದೆ. ಹೊಸದಾಗಿ ಕಲಿಯುವವರಿಗೂ ಕೆಲವು ತಿಂಗಳು ಸಹಾಯವಾದೀತು. ಕಿವಿ ಮಂದವಾದವರಿಗಂತೂ ನಿಜವಾಗಿಯೂ ಅನುಕೂಲ.

ಮಿಕ್ಕವರಿಗೆ ಇದು ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ಕೊರತೆಯಿಲ್ಲ. ಇದೊಂದಕ್ಕಾಗಿ ಹೆಚ್ಚು ಹಣ ಕೊಟ್ಟು ಸಾಲ ಬೆಳೆಸಬೇಕಾಗಿಲ್ಲ. ಇರುವ ಗಾಡಿಗೆ ಹೊರಗಿನಿಂದ ಮೀಟರು ತಂದು ವೈರು ಕತ್ತರಿಸಿ ಜೋಡಿಸುವುದಂತೂ ಬೇಡ. ಹಣವಿದ್ದರೆ ಮೊದಲು ಒಳ್ಳೆಯ ಬ್ರೇಕು, ಒಳ್ಳೆಯ ಟೈರು, ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ನೋಡಿ. ೧೨೫ ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ೨೦೧೯ರ ಏಪ್ರಿಲ್ ತಿಂಗಳಿನಿಂದ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಡೆಯುತ್ತದೆ. ಮೀಟರು ಜೀವ ಉಳಿಸುವುದು ಅಪರೂಪ. ಬ್ರೇಕು ದಿನವೂ ಉಳಿಸುತ್ತದೆ.

ಮೀಟರು ನಿಜವಾಗಿ ಬೇಕಾದ ಜಾಗ

ಈಗ ಮತ್ತೆ ಆ ತಂದೆ ಮಗನ ಮನೆಗೆ ಬರೋಣ. ಮಾತು ಮುಗಿಸಿ ಅವರ ಕಣಕ್ಕೆ ಹೋದೆ. ಅಲ್ಲಿ ಟ್ರ್ಯಾಕ್ಟರಿನ ಪಿ.ಟಿ.ಓ.ಗೆ ಜೋಡಿಸಿ ಮುಸುಕಿನ ಜೋಳ ಬಿಡಿಸುತ್ತಿದ್ದರು. ರಾಶಿಗೆ ಕೈಹಾಕಿ ನೋಡಿದರೆ ಬೊಗಸೆಯಲ್ಲಿ ಒಡೆದ ಕಾಳು ಬಹಳ. ಹಿಂದಿನ ವಾರ ಮಂಡಿಯಲ್ಲಿ ಇದೇ ಕಾರಣಕ್ಕೆ ಬೆಲೆ ಮುರಿದಿದ್ದರಂತೆ. ನಾನು ಟ್ರ್ಯಾಕ್ಟರಿನ ಸುತ್ತಿನ ಮೀಟರನ್ನು ನೋಡಿದೆ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. “ಅದು ಕೆಟ್ಟು ಎರಡು ವರ್ಷ ಆಯ್ತು ಸ್ವಾಮಿ. ಗಾಡಿ ಓಡ್ತಾ ಇದೆಯಲ್ಲ, ಅಂತ ಬಿಟ್ವಿ” ಎಂದರು ಯಜಮಾನರು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ನೆನಪಾಯಿತು. ಬೇಡದ ಕಡೆ ಮೀಟರಿಗಾಗಿ ಜಗಳ; ಬೇಕಾದ ಕಡೆ ಇರುವ ಮೀಟರು ಸತ್ತು ಬಿದ್ದಿದೆ.

ಮೋಟಾರು ಸೈಕಲ್ಲಿನಲ್ಲಿ ಸುತ್ತು ಸ್ವಲ್ಪ ಹೆಚ್ಚು ಕಡಿಮೆಯಾದರೆ ಗೇರು ಬದಲಿಸಿದರಾಯಿತು. ಪಿ.ಟಿ.ಓ.ಗೆ ಜೋಡಿಸಿದ ಯಂತ್ರದ ವಿಷಯ ಹಾಗಲ್ಲ. ನಮ್ಮ ಕಡೆಯ ಹೆಚ್ಚಿನ ಯಂತ್ರಗಳನ್ನು ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ ೫೪೦ ಸುತ್ತು ತಿರುಗುತ್ತದೆ ಎಂಬ ಲೆಕ್ಕದ ಮೇಲೆ ಮಾಡಿರುತ್ತಾರೆ. ಡ್ರಮ್ಮಿನ ವೇಗ, ಜರಡಿಯ ಆಟ, ಫ್ಯಾನಿನ ಗಾಳಿ ಎಲ್ಲವೂ ಅದಕ್ಕೆ ಹೊಂದಿರುತ್ತವೆ. ಸುತ್ತು ಕಡಿಮೆಯಾದರೆ ದಿಂಡಿನಲ್ಲಿ ಕಾಳು ಉಳಿಯುತ್ತದೆ, ಹೊಟ್ಟು ಹಾರುವುದಿಲ್ಲ. ಸುತ್ತು ಹೆಚ್ಚಾದರೆ ಕಾಳು ಒಡೆಯುತ್ತದೆ, ಒಳ್ಳೆಯ ಕಾಳೂ ಹೊಟ್ಟಿನೊಡನೆ ಹಾರಿಹೋಗುತ್ತದೆ. ಒಡೆದ ಕಾಳಿಗೆ ಬೆಲೆ ಕಡಿಮೆಯಾಗುವುದಷ್ಟೇ ಅಲ್ಲ; ಸಿಪ್ಪೆಯ ಕಾವಲು ಹೋದುದರಿಂದ ಅದು ಬೇಗ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಜೋಳ ದನಕರು ಕೋಳಿಗಳಿಗೂ ವಿಷ.

೫೪೦ ಸುತ್ತೆಂದರೆ ಸೆಕೆಂಡಿಗೆ ೯ ಸುತ್ತು. ಅದನ್ನು ಕಣ್ಣಿನಿಂದ ಎಣಿಸಲಾಗದು. ಯಂತ್ರದ ಗದ್ದಲದಲ್ಲಿ ಕಿವಿಯೂ ಸೋಲುತ್ತದೆ. ಅದಕ್ಕಾಗಿಯೇ ಅನೇಕ ಟ್ರ್ಯಾಕ್ಟರುಗಳ ಮೀಟರಿನಲ್ಲಿ, ಇಂಜಿನ್ನು ಎಷ್ಟು ಸುತ್ತಿಗೆ ಬಂದರೆ ಪಿ.ಟಿ.ಓ. ೫೪೦ಕ್ಕೆ ಬರುತ್ತದೆ ಎಂಬುದಕ್ಕೆ ಪ್ರತ್ಯೇಕ ಗುರುತು ಹಾಕಿರುತ್ತಾರೆ. ಈ ಗುರುತು ಒಂದು ಟ್ರ್ಯಾಕ್ಟರಿನಲ್ಲಿರುವಂತೆ ಇನ್ನೊಂದರಲ್ಲಿರುವುದಿಲ್ಲ. ನೆರೆಯವರ ಟ್ರ್ಯಾಕ್ಟರಿನ ಅಂದಾಜು ನಿಮ್ಮದಕ್ಕೆ ಸಲ್ಲದು. ಕೈ ಎಕ್ಸಲರೇಟರನ್ನು ಆ ಗುರುತಿಗೆ ತಂದು ನಿಲ್ಲಿಸಿದರೆ ಗವರ್ನರು ಎಂಬ ಭಾಗವು ಭಾರ ಹೆಚ್ಚು ಕಡಿಮೆಯಾದರೂ ಸುತ್ತನ್ನು ಬಹುಮಟ್ಟಿಗೆ ಅಲ್ಲಿಯೇ ಹಿಡಿದಿಡುತ್ತದೆ. ಮೋಟಾರು ಸೈಕಲ್ಲಿಗೆ ಇಂತಹ ಏರ್ಪಾಡಿಲ್ಲ. ಅಲ್ಲಿ ಸವಾರನ ಕೈಯೇ ಗವರ್ನರು. ಕೆಲವು ಟ್ರ್ಯಾಕ್ಟರುಗಳಲ್ಲಿ ೧,೦೦೦ ಸುತ್ತಿನ ಪಿ.ಟಿ.ಓ. ಸಹ ಉಂಟು. ೫೪೦ರ ಯಂತ್ರವನ್ನು ಮರೆತು ಅದಕ್ಕೆ ಹಾಕಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗಿ ಯಂತ್ರವೇ ಸಿಡಿದೀತು.

ಪಂಪಿನ ಲೆಕ್ಕವನ್ನೂ ಕೇಳಿ. ಇಂಜಿನ್ನಿನಿಂದ ನಡೆಯುವ ಸೆಂಟ್ರಿಫ್ಯೂಗಲ್ ಪಂಪಿನ ಸುತ್ತು ನೂರಕ್ಕೆ ಹತ್ತು ಕಡಿಮೆಯಾಯಿತೆನ್ನಿ. ೧,೫೦೦ ಇದ್ದುದು ೧,೩೫೦ಕ್ಕೆ ಇಳಿಯಿತು. ನಿಯಮದಂತೆ ನೀರು ನೂರಕ್ಕೆ ಹತ್ತು ಕಡಿಮೆಯಾಗುತ್ತದೆ. ಆದರೆ ನೀರನ್ನು ಎತ್ತುವ ಎತ್ತರ ನೂರಕ್ಕೆ ಹತ್ತೊಂಬತ್ತು ಕಡಿಮೆಯಾಗುತ್ತದೆ. ಆಳದ ಬಾವಿಯಾದರೆ ಪಂಪು ತಿರುಗುತ್ತಲೇ ಇರುತ್ತದೆ, ಡೀಸೆಲ್ಲು ಉರಿಯುತ್ತಲೇ ಇರುತ್ತದೆ, ನೀರು ಮಾತ್ರ ಮೇಲೆ ಬಾರದು. ಸುತ್ತು ನೂರಕ್ಕೆ ಹತ್ತು ಹೆಚ್ಚಿಸಿದರೆ ಬೇಕಾಗುವ ಶಕ್ತಿ ನೂರಕ್ಕೆ ಮೂವತ್ತಮೂರು ಹೆಚ್ಚುತ್ತದೆ. ಇಂಜಿನ್ನು ಕಾಯ್ದು ಕೆಡುತ್ತದೆ.

ಒಂದು ಎಚ್ಚರಿಕೆ

ಪಿ.ಟಿ.ಓ. ಮಾತು ಬಂದುದರಿಂದ ಇದನ್ನು ಹೇಳದೆ ಬಿಡುವಂತಿಲ್ಲ. ಆ ಶಾಫ್ಟಿನ ಸುತ್ತಳತೆ ಸುಮಾರು ೧೧ ಸೆಂಟಿಮೀಟರು. ಸೆಕೆಂಡಿಗೆ ೯ ಸುತ್ತು ತಿರುಗಿದರೆ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರು ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಪಂಚೆಯ ತುದಿ, ಹೆಗಲ ಮೇಲಿನ ಟವಲು, ಸೀರೆಯ ಸೆರಗು ಸಿಕ್ಕಿದರೆ ‘ಅಯ್ಯೋ’ ಎನ್ನುವಷ್ಟರಲ್ಲಿ ಮನುಷ್ಯನೇ ಹೋಗುತ್ತಾನೆ. ಶಾಫ್ಟಿಗೆ ಮರೆ ಇಲ್ಲದೆ ಯಂತ್ರ ನಡೆಸಬೇಡಿ. ತಿರುಗುವ ಶಾಫ್ಟನ್ನು ದಾಟಬೇಡಿ. ಮಕ್ಕಳನ್ನು ಕಣದ ಬಳಿ ಬಿಡಬೇಡಿ.

ನೆನಪಿಡಬೇಕಾದ ಮಾತುಗಳು

೧. ಸುತ್ತಿನ ಮೀಟರಿಗಾಗಿಯೇ ಬೆಲೆ ಹೆಚ್ಚಿನ ಮೋಟಾರು ಸೈಕಲ್ಲು ಕೊಳ್ಳಬೇಕಿಲ್ಲ. ಬೇರೆ ಗುಣಗಳಿಗಾಗಿ ಕೊಂಡ ಗಾಡಿಯಲ್ಲಿ ಅದಿದ್ದರೆ ಸಂತೋಷ.

೨. ಭಾರ ಹೊತ್ತು ಏರು ಹತ್ತುವಾಗ ಇಂಜಿನ್ನು ನರಳುವ ಮೊದಲೇ ಗೇರು ಇಳಿಸಿ.

೩. ಇಳಿಜಾರಿನಲ್ಲಿ ವೇಗ ತಗ್ಗಿಸಿದ ಮೇಲೆ ಒಂದೊಂದೇ ಗೇರು ಇಳಿಸಿ.

೪. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದೊಡನೆ ಎಕ್ಸಲರೇಟರು ತಿರುವಿ ಆರ್ಭಟ ಮಾಡಿಸಬೇಡಿ. ಎಣ್ಣೆ ಎಲ್ಲ ಕಡೆ ಹರಿಯಲು ಸ್ವಲ್ಪ ಹೊತ್ತು ಬೇಕು.

೫. ಹೊಸ ಗಾಡಿಯನ್ನು ಪಳಗಿಸುವ ಅವಧಿಯಲ್ಲಿ ಪುಸ್ತಕದಲ್ಲಿ ಹೇಳಿದ ವೇಗವನ್ನು ಮೀರಬೇಡಿ. ಬಹಳ ಹೊತ್ತು ಒಂದೇ ವೇಗದಲ್ಲಿಯೂ ಓಡಿಸಬೇಡಿ.

೬. ಟ್ರ್ಯಾಕ್ಟರಿನ ಸುತ್ತಿನ ಮೀಟರು ಕೆಟ್ಟಿದ್ದರೆ ಸುಗ್ಗಿಗೆ ಮೊದಲೇ ರಿಪೇರಿ ಮಾಡಿಸಿ. ಹಳೆಯ ಟ್ರ್ಯಾಕ್ಟರಾದರೆ ಹಲವು ಸಲ ಕೇಬಲ್ಲು ತುಂಡಾಗಿರುವುದಷ್ಟೇ ಕಾರಣವಾಗಿರುತ್ತದೆ.

೭. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ಬದಲಿಸಲು ನೋಡುವ ಗಂಟೆಯ ಲೆಕ್ಕವೂ ಇದೇ ಮೀಟರಿನಲ್ಲಿ ಓಡುತ್ತದೆ. ಮುಳ್ಳು ಸತ್ತರೆ ಆ ಲೆಕ್ಕವೂ ನಿಂತು, ಎಣ್ಣೆ ಬದಲಿಸುವ ದಿನ ತಪ್ಪಿಹೋಗಬಹುದು.

೮. ಯಂತ್ರ ಜೋಡಿಸುವ ಮೊದಲು ಅದರ ತಗಡಿನ ಮೇಲೆ ಬರೆದಿರುವ ಸುತ್ತಿನ ಸಂಖ್ಯೆಯನ್ನು ಓದಿ.

ಆ ಮನೆಯಲ್ಲಿ ಮಾರನೆಯ ದಿನವೇ ಪೇಟೆಯಿಂದ ಕೇಬಲ್ಲು ತಂದು ಮಗನೇ ಹಾಕಿದ. ಮುಳ್ಳು ಎದ್ದಿತು. ಅದುವರೆಗೆ ಗುರುತಿಗಿಂತ ಎಷ್ಟೋ ಮೇಲೆ ಯಂತ್ರ ನಡೆಸುತ್ತಿದ್ದರೆಂದು ಗೊತ್ತಾಯಿತು. ಗುರುತಿಗೆ ತಂದು ಬಿಡಿಸಿದ ಜೋಳದಲ್ಲಿ ಒಡೆದ ಕಾಳು ಬಹಳ ಕಡಿಮೆಯಾಗಿ, ಮುಂದಿನ ಲೋಡಿಗೆ ಮಂಡಿಯಲ್ಲಿ ಯಾರೂ ಬೆಲೆ ಮುರಿಯಲಿಲ್ಲ. ಮೋಟಾರು ಸೈಕಲ್ಲಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಅದು ತಂದೆ ಮಗನಿಗೆ ಬಿಟ್ಟದ್ದು. ನಿಮ್ಮ ಮನೆಯ ಟ್ರ್ಯಾಕ್ಟರಿನ ಮುಳ್ಳು ಎದ್ದು ನಿಂತಿದೆಯೋ ಮಲಗಿದೆಯೋ ಎಂಬುದನ್ನು ಮಾತ್ರ ಇಂದೇ ನೋಡಿಕೊಳ್ಳಿ.